ಮೊಟ್ಟೆಗಾಡಿಯ ಮೇಷ್ಟ್ರು

ಎಸ್ಸೆಸ್ಸೆಲ್ಸಿ ಪತ್ರಿಕೆಗಳನ್ನು ತಿದ್ದಲು ಶಿವಮೊಗ್ಗದಲ್ಲಿ ಕೂತಿದ್ದೆವು. ಪಕ್ಕದ ಮೇಜಿನ ಹಿಂದಿ ಪಂಡಿತರು ಕೆಂಪು ಪೆನ್ನಿನ ಮುಚ್ಚಳ ಹುಡುಕುತ್ತ, "ನಿಮ್ಮ ಡ್ರಾಯಿಂಗ್ ಮೇಷ್ಟ್ರು ಹೋದ್ರಂತಲ್ಲ, ತೀರ್ಥಹಳ್ಳೀಲಿ. ಎದೆನೋವಂತೆ" ಎಂದರು. "ಯಾವಾಗ?" ಎಂದು ಕೇಳಿದೆ. "ಮೊನ್ನೆಯೋ ಆಚೆಮೊನ್ನೆಯೋ" ಎಂದವರು ಮುಂದಿನ ಪತ್ರಿಕೆ ಎಳೆದುಕೊಂಡರು. ಆ ಕೋಣೆಯಲ್ಲಿ ಮೇಷ್ಟ್ರ ಜೊತೆ ಕೆಲಸ ಮಾಡಿದವರು ಇನ್ನೂ ಕೆಲವರಿದ್ದರು. ಯಾರೂ ಪೆನ್ನು ಕೆಳಗಿಡಲಿಲ್ಲ. ನಾನೂ ಆ ಕಟ್ಟು ಮುಗಿಸಿಯೇ ಎದ್ದೆ.

ಮೇಷ್ಟ್ರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಪೈಕಿಯವರು ಇನ್ನೂ ಇದ್ದಾರೆ, ಅವರಲ್ಲಿ ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ. ಅವರ ಹೆಂಡತಿಯ ಹೆಸರನ್ನು ಮಾತ್ರ ಬರೆಯುತ್ತೇನೆ. ಗಿರಿಜಮ್ಮ. ಆ ಹೆಸರನ್ನು ಬಾಯಿಬಿಟ್ಟು ಹೇಳುವವರೇ ಇಲ್ಲದ ವರ್ಷಗಳಿದ್ದವು.

ಎಪ್ಪತ್ತರ ದಶಕದ ನಡುವೆ ನಾನು ಸಾಗರದ ಹೈಸ್ಕೂಲಿಗೆ ಸಮಾಜ ಪಾಠದ ಟೀಚರಾಗಿ ಸೇರಿದಾಗ ಮೇಷ್ಟ್ರು ಅಲ್ಲಿ ಹಳಬರು. ಒಳ್ಳೆಯವರು ಎಂದು ಯಾರೂ ಹೇಳುತ್ತಿರಲಿಲ್ಲ. ನಶ್ಯ ಏರಿಸಿ ಅದೇ ಬೆರಳಲ್ಲಿ ಹುಡುಗರ ಕಿವಿ ಹಿಂಡುತ್ತಿದ್ದರು. ಒಮ್ಮೆ ಕ್ಯಾಲೆಂಡರಿನ ಲಕ್ಷ್ಮಿಯನ್ನು ನಕಲು ಮಾಡಿ ತಂದ ಹುಡುಗಿಯ ಪುಸ್ತಕವನ್ನು ಕಿಟಕಿಯಿಂದಾಚೆ ಎಸೆದು, "ನಿಮ್ಮನೇಲಿ ಕೊಡಪಾನ ಇಲ್ವನೇ? ಅದನ್ನ ಕೂತು ನೋಡು, ನೋಡಿದ್ದು ಬರಿ. ಇನ್ಯಾರೋ ನೋಡಿದ್ದನ್ನ ನೀ ಬರೆದ್ರೆ ಎಂತ ಬಂತು?" ಎಂದು ಕೂಗಾಡಿದ್ದು ನನ್ನ ಕ್ಲಾಸಿಗೂ ಕೇಳಿಸಿತ್ತು. ಸ್ಟಾಫ್ ರೂಮಿನಲ್ಲಿ ಯಾರ ಜೊತೆಯೂ ಚಹಾಕ್ಕೆ ಬರುತ್ತಿರಲಿಲ್ಲ. ಸುಳ್ಳು ಹೇಳುವುದೂ ಅವರಿಗೆ ಸಲೀಸು. ರಜ ಬೇಕಾದಾಗಲೆಲ್ಲ ಇದ್ದೊಬ್ಬ ಚಿಕ್ಕಪ್ಪನನ್ನೇ ಮತ್ತೆ ಮತ್ತೆ ಸಾಯಿಸುತ್ತಾರೆ ಎಂದು ಹೆಡ್ಮಾಸ್ಟರು ನಗುತ್ತಿದ್ದರು.

ಅವರ ಮನೆ ನಮ್ಮ ಬೀದಿಯಲ್ಲೇ ಇತ್ತು. ಗಿರಿಜಮ್ಮ ಗಂಡನಿಗೆ ತದ್ವಿರುದ್ಧ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಮಾತಾಡಿಸುವ ಹೆಂಗಸು. ಮಗಳು ವಿಜಯ ಆಗ ಪ್ರೈಮರಿ ಶಾಲೆಗೆ ಹೋಗುತ್ತಿದ್ದಳು.

ಒಂದು ಗೌರಿ ಹಬ್ಬದ ದಿನ ಎದುರು ಮನೆಯಲ್ಲಿ ಹೆಂಗಸರೆಲ್ಲ ಸೇರಿದ್ದೆವು. ಒಲೆಯ ಮೇಲಿನ ಹಾಲು ಉಕ್ಕಿ ಬಂತು. ಇಕ್ಕಳಕ್ಕೆ ಯಾರೋ ತಡಕಾಡುವಷ್ಟರಲ್ಲಿ ಗಿರಿಜಮ್ಮ ಬರಿಗೈಯಲ್ಲಿ ಪಾತ್ರೆ ಹಿಡಿದು, ನಿಧಾನವಾಗಿ ಕೆಳಗಿಳಿಸಿ, ನಡುವೆ ನಿಂತಿದ್ದ ಮಾತನ್ನು ಮುಂದುವರಿಸಿದರು. ನಾವೆಲ್ಲ ಅವರ ಕೈಯನ್ನೇ ನೋಡುತ್ತಿದ್ದೆವು. ಅಂಗೈ ಕೆಂಪಾಗಿ ಬೊಬ್ಬೆ ಏಳುತ್ತಿತ್ತು. "ಗಿರಿಜಕ್ಕಾ, ಕೈ!" ಎಂದು ಯಾರೋ ಚೀರಿದ ಮೇಲೆ ಅವರೂ ನೋಡಿಕೊಂಡರು. ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡಿದರು. ತೋಳಿನ ಮೇಲೆ ಮಾಸಲು ಬಿಳಿಯ ಮಚ್ಚೆ ಇರುವುದನ್ನು ಆ ಮನೆಯ ಮುದುಕಿ ಆಗಲೇ ಗಮನಿಸಿದ್ದಳು. ಬಾಗಿನ ಕೊಡದೆಯೇ ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೊಡ್ಡ ರೋಗ ಎಂಬ ಮಾತು ಸಂಜೆಯೊಳಗೆ ಬೀದಿಯ ಆ ತುದಿ ಮುಟ್ಟಿತು. ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಹೌದು, ಕುಷ್ಠವೇ ಎಂದರು. ವರ್ಷಗಟ್ಟಲೆ ಮಾತ್ರೆ ನುಂಗಬೇಕು, ವಾಸಿಯಾಗುತ್ತದೆ, ಮುಟ್ಟಿದ್ದಕ್ಕೆಲ್ಲ ಅಂಟುವ ರೋಗವಲ್ಲ ಎಂದೂ ಹೇಳಿದರು. ಆ ಮಾತು ಮಾತ್ರ ಆಸ್ಪತ್ರೆಯ ಗೇಟು ದಾಟಲಿಲ್ಲ. ವಾರದೊಳಗೆ ಮನೆ ಮಾಲೀಕರು ಬಂದು ಜಗಲಿಯ ಕೆಳಗೇ ನಿಂತರು.

"ಮೇಷ್ಟ್ರೇ, ನಿಮ್ ಮೇಲೆ ನಂಗೆ ಎಂತದೂ ಇಲ್ಲ. ಮನೇಲಿ ಮಕ್ಳು ಮರಿ ಇದಾವೆ. ಬಾವಿ ಒಂದೇ."

"ಎಲ್ಲಿಗೆ ಹೋಗ್ಲಿ?" ಎಂದರು ಮೇಷ್ಟ್ರು.

"ಅದನ್ನ ನಾ ಹೆಂಗೆ ಹೇಳ್ಲಿ?"

ಇನ್ನೊಂದು ಬೀದಿಯಲ್ಲಿ ಮನೆ ಹಿಡಿದರು. ಅಲ್ಲಿಗೂ ಸುದ್ದಿ ಬಂತು. ಊರಾಚೆಯ ಒಂದು ಕೋಣೆಗೆ ಹೋದರು. ಅಲ್ಲಿ ನೀರಿನವಳು ಬರುವುದು ನಿಲ್ಲಿಸಿದಳು. ಈ ನಡುವೆ ಮೇಷ್ಟ್ರ ಅಕ್ಕ ತೀರ್ಥಹಳ್ಳಿಯಿಂದ ಬಂದರು. ಅವತ್ತು ನಾನೂ ಅಲ್ಲಿಗೆ ಹೋಗಿದ್ದೆ. ಅನುಕೂಲಸ್ಥರ ಮನೆಯ ಹೆಂಗಸು, ಮಾತು ಕಡಿಮೆ. ಅಂಗಳದಲ್ಲೇ ನಿಂತು ತಮ್ಮನಿಗೆ ಹೇಳಿದರು: "ಮಗೀನ ನಾ ಸಾಕ್ತೀನಿ. ಓದುಸ್ತೀನಿ, ಮದುವೆ ಮಾಡ್ತೀನಿ. ಆದ್ರೆ ಗಿರಿಜ ನಮ್ಮನೆ ಮೆಟ್ಲು ಹತ್ತಬಾರ್ದು. ಕೇಳ್ದೋರಿಗೆ ತಾಯಿ ತೀರ್ಕೊಂಡ್ಲು ಅಂತೀನಿ. ಒಪ್ಪೋದಾದ್ರೆ ಈಗ್ಲೇ ಕರ್ಕೊಂಡು ಹೋಗ್ತೀನಿ."

ಮೇಷ್ಟ್ರು ಕೆರಳಿ ಏನೋ ಹೇಳಹೊರಟರು. ಒಳಗಿನಿಂದ ಗಿರಿಜಮ್ಮ, "ಒಪ್ಪಿ ಅಂತ ಹೇಳ್ರೀ" ಎಂದರು. ಹೊರಗೆ ಬರಲಿಲ್ಲ. ಮಗಳ ಬಟ್ಟೆಯ ಗಂಟನ್ನು ಹೊಸ್ತಿಲ ಮೇಲೆ ಇಟ್ಟರು. ನಾನು ಅದನ್ನು ಎತ್ತಿ ಹುಡುಗಿಯ ಕೈಗೆ ಕೊಟ್ಟೆ.

ಡಾಕ್ಟರು ದೂರದ ಒಂದು ಆಶ್ರಮದ ವಿಳಾಸ ಕೊಟ್ಟಿದ್ದರು. ಮೇಷ್ಟ್ರು ಒಬ್ಬರೇ ಹೋಗಿ ನೋಡಿ ಬಂದು ನನ್ನ ಹತ್ತಿರ ಹೇಳಿದರು: "ಚೆನ್ನಾಗೇ ಇದೆ ಟೀಚರ್. ಊಟ ಇದೆ, ಔಷಧಿ ಇದೆ, ಹೂವಿನ ಗಿಡ ಹಾಕಿದಾರೆ. ಆದ್ರೆ ಅಲ್ಲಿರೋರೆಲ್ಲ ಗೇಟಿನ ಕಡೆ ಮುಖ ಮಾಡ್ಕೊಂಡೇ ಕೂತಿದ್ರು. ನಾ ವಾಪಸ್ ಬಂದೆ."

ಅದಾದ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ, ಅವರಾಗಿಯೇ ನನ್ನ ಮೇಜಿಗೆ ಬಂದು, "ನಿಮ್ಮನೇಲಿ ಹೊಲಿಗೆ ಮಿಷನ್ ಇದೆ ಅಲ್ವಾ? ಪರದೆ ಹೊಲ್ದು ಕೊಡ್ತೀರಾ?" ಎಂದರು.

"ಮನೆ ಸಿಕ್ತಾ ಮೇಷ್ಟ್ರೇ?"

"ಸಿಕ್ತು. ಚಕ್ರ ಇರೋ ಮನೆ."

ಭಾನುವಾರ ರೈಲಿನಲ್ಲಿ ತಾಳಗುಪ್ಪಕ್ಕೆ ಹೋದೆ. ಸ್ಟೇಷನ್ನಿನ ಹತ್ತಿರದ ಒಂದು ಸಾಮಿಲ್ಲಿನ ಹಿಂದೆ, ದಿಮ್ಮಿಗಳ ನಡುವೆ, ಆ ಗಾಡಿ ಬಿದ್ದಿತ್ತು. ಕೆಲವು ವರ್ಷಗಳ ಹಿಂದೆ ಜೋಗ ನೋಡಲು ಬಂದಿದ್ದ ಬಿಳಿಯ ಗಂಡ ಹೆಂಡತಿ ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಬಂದಿದ್ದರಂತೆ. ಒಳಗೇ ಮಲಗುವುದು, ಒಳಗೇ ಅಡುಗೆ. ಅಚ್ಚು ಮುರಿದಾಗ ಅದನ್ನು ಮಿಲ್ಲಿನ ಸಾಹುಕಾರರಿಗೆ ಬಿಟ್ಟು ಹೋದರಂತೆ. ಸಾಹುಕಾರರು ಅದರಲ್ಲಿ ಕೋಳಿ ಕೂಡಿದ್ದರು. ಈಗ ಮೇಷ್ಟ್ರಿಗೆ ಕೊಡಲು ಒಪ್ಪಿದ್ದರು. ಮೂಲೆಗಳೆಲ್ಲ ಉರುಟಾಗಿ, ಬೆಳ್ಳಗೆ, ದೊಡ್ಡ ಮೊಟ್ಟೆಯ ಹಾಗೆ ಇದ್ದ ಅದನ್ನು ಊರ ಹುಡುಗರು ಮೊಟ್ಟೆಗಾಡಿ ಎನ್ನುತ್ತಿದ್ದರು. ಮರವಲ್ಲ, ತಗಡೂ ಅಲ್ಲ. ಗಾಜಿನ ನೂಲಿನ ಚಾಪೆಗೆ ಅಂಟು ಕುಡಿಸಿ ಅಚ್ಚಿನಲ್ಲಿ ಒಣಗಿಸಿದ್ದು, ಫೈಬರ್ ಗ್ಲಾಸ್ ಅಂತಾರೆ ಎಂದು ಮೇಷ್ಟ್ರು ವಿವರಿಸಿದರು. ಎರಡು ಬೋಗುಣಿ ಮುಚ್ಚಿಟ್ಟ ಹಾಗೆ ಮೇಲಿನದೊಂದು ಕೆಳಗಿನದೊಂದು ಭಾಗ, ನಡುವೆ ಬೆಸುಗೆ. ಆ ಬೆಸುಗೆ ಬಿಟ್ಟಿತ್ತು. ದಿಮ್ಮಿ ಉರುಳಿ ಒಂದು ಮಗ್ಗುಲಲ್ಲಿ ತಲೆ ತೂರುವಷ್ಟು ತೂತಾಗಿತ್ತು. ನೆಲದ ಹಲಗೆ ಕೊಳೆತು, ಕಾಲಿಟ್ಟರೆ ಕೋಳಿ ಹಿಕ್ಕೆಯ ಸಮೇತ ಕುಸಿಯುತ್ತಿತ್ತು.

ಮೇಷ್ಟ್ರು, ಗಿರಿಜಮ್ಮ ಆಗ ಮಿಲ್ಲಿನ ಮರದ ಶೆಡ್ಡಿನಲ್ಲಿ ಇದ್ದರು. ಶಾಲೆಯಿಲ್ಲದ ದಿನವೆಲ್ಲ ಗಾಡಿಯ ಕೆಲಸ. ಮೇಷ್ಟ್ರಿಗೆ ಆ ಕೆಲಸ ಬರುತ್ತಿತ್ತೆಂದು ಯಾರೂ ತಿಳಿಯಬಾರದು. ಚೂರೂ ಬರುತ್ತಿರಲಿಲ್ಲ. ಮಂಗಳೂರಿಗೆ ಹೋಗಿ ದೋಣಿ ಮಾಡುವವರ ಹತ್ತಿರ ಅಂಟಿನ ಡಬ್ಬ, ಗಾಜಿನ ಚಾಪೆ, ಅಂಟು ಗಟ್ಟಿಯಾಗಲು ಬೆರೆಸುವ ಔಷಧಿ ತಂದರು. ಮಳೆಗಾಲದ ಕೊನೆ. ತೂತಿಗೆ ತೇಪೆ ಹಚ್ಚಿದರೆ ಅದು ಒಣಗಲೇ ಇಲ್ಲ. ಹಲಸಿನ ಮೇಣದ ಹಾಗೆ ಅಂಟಂಟು. ನೊಣ, ಹಾತೆ, ಮರದ ಪುಡಿ ಎಲ್ಲ ಅದಕ್ಕೆ ಮೆತ್ತಿಕೊಂಡವು. ಇನ್ನೊಮ್ಮೆ ಸಿಟ್ಟಿನಲ್ಲಿ ಔಷಧಿ ಹೆಚ್ಚು ಸುರಿದರು. ಅಂಟು ಮಗ್ಗಿನಲ್ಲೇ ಹೊಗೆಯಾಡಿ ಕಲ್ಲಾಗಿ, ಕಲಸುತ್ತಿದ್ದ ಕಡ್ಡಿ ಅದರೊಳಗೆ ನೆಟ್ಟಗೆ ನಿಂತುಬಿಟ್ಟಿತು. ಮೇಷ್ಟ್ರು ಮಗ್ಗನ್ನು ಬೀಸಿ ಎಸೆದರು. ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ಗಿರಿಜಮ್ಮ ನಕ್ಕರು. ಮಗಳು ಹೋದ ಮೇಲೆ ಅವರು ನಕ್ಕಿದ್ದು ನಾನು ಕೇಳಿದ್ದು ಅವತ್ತೇ. ಮೇಷ್ಟ್ರೂ ತಿರುಗಿ ನೋಡಿ, ಬೈಯಲು ಬಾಯಿ ತೆರೆದವರು ಹೋಗಿ ಮಗ್ಗು ಹುಡುಕತೊಡಗಿದರು.

ನಾನು ಸಂಜೆ ಮನೆಗೆ ಬಂದರೆ ನನ್ನ ತಾಯಿ ಹಿತ್ತಲಿನಲ್ಲಿ ಬಿಸಿನೀರು, ಬೇರೆ ಸೀರೆ ಇಟ್ಟುಕೊಂಡು ಕಾಯುತ್ತಿದ್ದಳು. ಸ್ನಾನ ಮಾಡದೆ ಒಳಗೆ ಬಿಡುತ್ತಿರಲಿಲ್ಲ. ಹೋಗಬೇಡ ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ.

ಚಳಿಗಾಲ ಬಂದು ಗಾಳಿ ಒಣಗಿದ ಮೇಲೆ ತೇಪೆ ಹಿಡಿಯಿತು. ಅದನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಬೇಕು. ಗಾಜಿನ ಧೂಳು ಮೈಗೆ ಕೂತರೆ ತುರಿಕೆ, ಅದಕ್ಕೆ ಗಿರಿಜಮ್ಮ ಮುಟ್ಟಕೂಡದೆಂದು ಮೇಷ್ಟ್ರ ಅಪ್ಪಣೆ. ಒಂದು ಭಾನುವಾರ ಅವರು ಮುರಿದ ಅಚ್ಚು ಸರಿಮಾಡಿಸಲು ಕಮ್ಮಾರನ ಹತ್ತಿರ ಹೋಗಿದ್ದಾಗ ಗಿರಿಜಮ್ಮ ತಾವೇ ಉಜ್ಜಲು ಕೂತರು. ನಾನು ಒಳಗೆ ಪರದೆಯ ಅಳತೆ ತೆಗೆಯುತ್ತಿದ್ದೆ. ಹೊರಗೆ ಬಂದರೆ ಬಿಳಿಯ ಗೋಡೆಯ ಮೇಲೆ ಉದ್ದಕ್ಕೂ ಕೆಂಪು ಗೀರು. ಉಪ್ಪುಕಾಗದ ಸವೆದು ಹರಿದು ಯಾವಾಗಲೋ ಬಿದ್ದುಹೋಗಿತ್ತು. ಅವರು ಬರಿ ಬೆರಳ ತುದಿಗಳನ್ನೇ ಉಜ್ಜುತ್ತಿದ್ದರು. ಹಾಡೊಂದನ್ನು ಗುನುಗುತ್ತಿದ್ದರು.

ಮೇಷ್ಟ್ರು ಬಂದು ನೋಡಿದವರು ಬೈಯಲಿಲ್ಲ. ಬೆರಳುಗಳನ್ನು ತೊಳೆದು ಬಟ್ಟೆ ಸುತ್ತಿದರು. ಮುಂದಿನ ವಾರ ನಾನು ಹೋಗುವಷ್ಟರಲ್ಲಿ, ಒಳಗಿನ ಪ್ರತಿಯೊಂದು ಅಂಚಿಗೆ, ಬಾಗಿಲ ಚಿಲಕಕ್ಕೆ, ಮಂಚದ ಮೂಲೆಗೆ, ಪಾತ್ರೆಗಳ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದ್ದರು. ಒಲೆಯ ಸುತ್ತ ಕೈ ತಾಗದಂತೆ ಮರದ ಕಟ್ಟು. ಚಿಲಕವನ್ನು ಮೊಣಕೈಯಿಂದಲೂ ತೆಗೆಯಬಹುದಿತ್ತು. ಆವತ್ತಿನಿಂದ ಒಂದು ಅಭ್ಯಾಸ ಶುರುವಾಯಿತು. ದಿನಾ ಸಂಜೆ ಕನ್ನಡಕ ಹಾಕಿಕೊಂಡು, ಹೆಂಡತಿಯ ಅಂಗೈಗಳನ್ನೂ ಅಂಗಾಲುಗಳನ್ನೂ ಬೆಳಕಿಗೆ ಹಿಡಿದು, ಎಲ್ಲಿ ಗೀರು, ಎಲ್ಲಿ ಮುಳ್ಳು, ಎಲ್ಲಿ ಬೊಬ್ಬೆ ಎಂದು ನೋಡುವುದು. ಡಾಕ್ಟರು ಹೇಳಿಕೊಟ್ಟಿದ್ದರು. ಮೊದಲ ಸಲ ಕಂಡಾಗ ನನಗೆ ಮುಖ ತಿರುಗಿಸಬೇಕೆನಿಸಿತು. ಗಿರಿಜಮ್ಮ ಮಾತ್ರ, "ನೋಡಿ ಟೀಚರ್, ಮದ್ವೆಯಾಗಿ ಇಷ್ಟು ವರ್ಷಕ್ಕೆ ನನ್ನ ಕಾಲು ಹಿಡ್ಕೊಂಡ್ರು" ಎಂದರು.

"ಸುಮ್ನಿರೇ ಮಾರಾಯ್ತಿ, ಅಲುಗಾಡಬೇಡ" ಎಂದು ಮೇಷ್ಟ್ರು ಗದರಿದರು.

ಆಗಷ್ಟೇ ಬಣ್ಣ ಬಳಿದ ಗಾಡಿಯನ್ನು ಜೀಪಿಗೆ ಕಟ್ಟಿ ಸಾಗರಕ್ಕೆ ತಂದರು. ಹೆಡ್ಮಾಸ್ಟರು ಧೈರ್ಯ ಮಾಡಿ ಆಟದ ಮೈದಾನದ ಮೂಲೆಯಲ್ಲಿ ಜಾಗ ಕೊಟ್ಟರು. ಕೆಲವು ತಿಂಗಳು ಕಳೆಯಿತು. ಆಮೇಲೆ ಹುಡುಗರ ತಂದೆಯರು ಗುಂಪಾಗಿ ಬಂದರು. ಮೇಷ್ಟ್ರು ಮುಟ್ಟಿದ ಪುಸ್ತಕವನ್ನು ಮಕ್ಕಳು ಮನೆಗೆ ತರುತ್ತಾರೆ ಎಂಬುದು ಅವರ ದೂರು. ಮೇಷ್ಟ್ರು ಕ್ಲಾಸಿನಿಂದ ಹೊರಗೆ ಬಂದು, ಸೀಮೆಸುಣ್ಣದ ಕೈಯನ್ನು ಮುಂದೆ ಚಾಚಿ, "ನನ್ನ ಕೈ ನೋಡ್ಕೊಳಿ. ಚುಚ್ಚಿ ನೋಡಿ ಬೇಕಾದ್ರೆ, ನೋಯ್ತದೆ" ಎಂದರು. ಯಾರೂ ಹತ್ತಿರ ಬರಲಿಲ್ಲ. ಆ ವರ್ಷವೇ ಅವರಿಗೆ ಹೊಸನಗರ ತಾಲ್ಲೂಕಿಗೆ ವರ್ಗವಾಯಿತು.

ರಿಪ್ಪನ್‌ಪೇಟೆಯ ಹತ್ತಿರ ಅವರಿದ್ದಾಗ ಒಮ್ಮೆ ಹೋಗಿದ್ದೆ. ಗಾಡಿ ಪಾಳುಬಿದ್ದ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿತ್ತು. ಮೈಮೇಲೆಲ್ಲ ಜೇಡರ ಬಲೆಯ ಹಾಗೆ ಬಿರುಕುಗಳು. "ಕಲ್ಲು" ಎಂದರು ಮೇಷ್ಟ್ರು, ಯಾರು ಹೊಡೆದರೆಂದು ಹೇಳಲಿಲ್ಲ. ಆಗ ಅವರ ಕೈ ಪಳಗಿತ್ತು. ತೇಪೆ ಹಾಕುತ್ತಲೇ ಮಾತಾಡಿದರು: "ಬಣ್ಣ ಹಚ್ಚೋದು, ಅಂಟು ಹಚ್ಚೋದು ಎಂತ ಕಷ್ಟ ಅಲ್ಲ ಟೀಚರ್. ಒಣಗೋ ತನಕ ಮುಟ್ಟದೆ ಇರೋದು ಇದೆಯಲ್ಲ, ಅದು ಕಲೀಲಿಕ್ಕೆ ನಂಗೆ ಇಷ್ಟು ವರ್ಷ ಬೇಕಾಯ್ತು." ಆ ಹೊತ್ತಿಗೆ ಗಿರಿಜಮ್ಮನ ಬೆರಳುಗಳು ಗಿಡ್ಡವಾಗತೊಡಗಿದ್ದವು. ಮೂಗಿನ ದಂಡೆ ಸ್ವಲ್ಪ ಕುಸಿದಿತ್ತು. ಅವರು ದಾರಿಹೋಕರನ್ನು ನಿಲ್ಲಿಸಿ ಮಾತಾಡಿಸುವುದನ್ನು ಬಿಟ್ಟಿದ್ದರು. ವಿಜಯಳನ್ನು ವರ್ಷಕ್ಕೊಮ್ಮೆ ಮೇಷ್ಟ್ರು ಹೋಗಿ ನೋಡಿ ಬರುತ್ತಿದ್ದರು. ಬಂದ ಮೇಲೆ ಅವಳ ಚಿತ್ರ ಬರೆದು ತೋರಿಸಬೇಕು. ಎಷ್ಟು ಎತ್ತರ ಆಗಿದ್ದಾಳೆ, ಜಡೆ ಎಲ್ಲಿಗೆ ಬಂದಿದೆ ಎಂದು ಗಿರಿಜಮ್ಮ ಆ ಹಾಳೆಯಲ್ಲಿ ನೋಡುತ್ತಿದ್ದರು.

ಎಂಬತ್ತರ ದಶಕದಲ್ಲಿ ಹೊಸ ಮಾತ್ರೆಗಳು ಬಂದವು. ನನಗೆ ತೀರ್ಥಹಳ್ಳಿಗೆ ವರ್ಗವಾಗಿತ್ತು. ಮೇಷ್ಟ್ರೂ ಕೇಳಿಕೊಂಡು ಅಲ್ಲಿಗೇ ಬಂದರು. ಊರಿನಿಂದ ಆಚೆ, ತುಂಗೆಯ ದಡದ ಮೇಲೆ ಗಾಡಿ ನಿಂತಿತು. ಇನ್ನು ರೋಗವಿಲ್ಲ, ಇವರಿಂದ ಯಾರಿಗೂ ಏನೂ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮೇಷ್ಟ್ರು ಅದನ್ನು ಅಕ್ಕನಿಗೆ ಹೇಳಲು ಹೋದರು. ಅಕ್ಕ, "ಬೆರಳು ಬಂದಾವಾ?" ಎಂದು ಕೇಳಿದರಂತೆ.

ಆ ಅಕ್ಕನೇ ವಿಜಯಳಿಗೆ ಗಂಡು ನೋಡಿದರು. ಕೊಪ್ಪದ ಕಡೆಯ ಒಳ್ಳೆಯ ಮನೆ. ತಾಯಿ ಹುಡುಗಿ ಸಣ್ಣವಳಿದ್ದಾಗಲೇ ತೀರಿಕೊಂಡಳು ಎಂದು ಅವರಿಗೆ ಹೇಳಿಯಾಗಿತ್ತು. ಮೇಷ್ಟ್ರು ಹೋಗಿ ಜಗಳವಾಡಿದರು. ನಾನೂ ಜೊತೆಗಿದ್ದೆ.

"ನಿಂಗೆ ಮಗಳ ಮದುವೆ ಆಗ್ಬೇಕೋ, ಹೆಂಡತಿ ಮರ್ಯಾದೆ ಬೇಕೋ, ಒಂದು ಹೇಳು" ಎಂದರು ಅಕ್ಕ. ಹೀಗೆನ್ನುವಾಗ ಅವರ ಕಣ್ಣೂ ತುಂಬಿತ್ತು. ಅವರನ್ನು ಕೆಟ್ಟವರೆನ್ನಲು ನನಗೆ ಇವತ್ತಿಗೂ ಆಗುವುದಿಲ್ಲ. ಆ ಹುಡುಗಿಯನ್ನು ಸಾಕಿದ್ದು ಅವರೇ.

ಗಾಡಿಗೆ ವಾಪಸು ಬಂದು ಮೇಷ್ಟ್ರು ತಲೆ ತಗ್ಗಿಸಿ ಕೂತರು. ಗಿರಿಜಮ್ಮ ಎಲ್ಲ ಕೇಳಿಕೊಂಡು ಹೇಳಿದರು: "ನಾ ಸತ್ತೀನಿ ಅಂತ ಹೇಳಿದ್ರೆ ಹೇಳ್ಲಿ ಬಿಡಿ. ಸತ್ತೋರು ಮದ್ವೆ ನೋಡಬಾರ್ದು ಅಂತ ಎಲ್ಲೂ ಇಲ್ವಲ್ಲ."

ಮೇಷ್ಟ್ರು ಮರುದಿನ ಪುರೋಹಿತರ ಮನೆಗೆ ಹೋದರು. "ಧಾರೆ ಆದ್ಮೇಲೆ ಹೊರಗೆ ಕರ್ಕೊಂಡು ಬಂದು ಅರುಂಧತಿ ನಕ್ಷತ್ರ ತೋರಿಸ್ತೀರಲ್ಲ, ಯಾವ ಕಡೆಗೆ?" ಎಂದು ಕೇಳಿದರು. ಉತ್ತರಕ್ಕೆ ಎಂದರು ಪುರೋಹಿತರು. ಛತ್ರದ ಉತ್ತರಕ್ಕೆ ರಸ್ತೆ, ರಸ್ತೆಯಾಚೆ ಕೊಯ್ಲಾದ ಗದ್ದೆ. ಮದುವೆಯ ಹಿಂದಿನ ದಿನ ಮೊಟ್ಟೆಗಾಡಿ ಆ ಗದ್ದೆಯಲ್ಲಿ ನಿಂತಿತ್ತು. ಅದರ ಮೈಮೇಲೆ ಮೇಷ್ಟ್ರು ದೊಡ್ಡದೊಂದು ಕೆಂಪು ತ್ರಿಕೋನ ಬರೆದಿದ್ದರು, ಕುಟುಂಬ ಯೋಜನೆಯ ಗುರುತು. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಆಪರೇಷನ್ನಿನ ಭಯ ಜನರ ಮೈಯಿಂದ ಇನ್ನೂ ಇಳಿದಿರಲಿಲ್ಲ. ಗಂಡಿನ ಕಡೆಯ ಗಂಡಸರು ಆ ಗಾಡಿಯನ್ನು ಕಂಡು ರಸ್ತೆಯ ಈಚೆಯೇ ಬೀಡಿ ಸೇದಿ ಒಳಗೆ ಹೋದರು. ಯಾರೂ ಹತ್ತಿರ ಸುಳಿಯಲಿಲ್ಲ.

ನಾನು ಗಾಡಿಯೊಳಗೆ ಗಿರಿಜಮ್ಮನ ಜೊತೆ ಕೂತೆ. ಅವರು ತಮ್ಮ ಮದುವೆಯ ಸೀರೆ ಉಟ್ಟಿದ್ದರು. ನಾನೇ ಹೂ ಮುಡಿಸಿದೆ. ಓಲಗ ಜೋರಾದಾಗ, "ಧಾರೆ" ಎಂದರು. ಅಲ್ಲಿ ಮಗಳನ್ನು ಧಾರೆ ಎರೆದವರು ಅಕ್ಕ ಮತ್ತು ಭಾವ. ಹೆಂಡತಿ ಸತ್ತ ಗಂಡಸಾಗಿ ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದರು.

ಆಮೇಲೆ ಜನ ಹೊರಗೆ ಬಂದರು. ಪುರೋಹಿತರು ಮಟಮಟ ಮಧ್ಯಾಹ್ನದ ಆಕಾಶಕ್ಕೆ ಕೈ ತೋರಿಸಿ ಸಪ್ತರ್ಷಿ ಮಂಡಲ, ಅರುಂಧತಿ ಎಂದು ಹೇಳಿ, "ಕಂಡ್ತಾ?" ಎಂದರು. ಹುಡುಗ ಕೂಡಲೇ "ಕಂಡ್ತು" ಎಂದ. ವಿಜಯ ಆಕಾಶದಿಂದ ಕಣ್ಣು ಇಳಿಸಿ ನಮ್ಮ ಕಿಟಕಿಯನ್ನು ನೋಡಿದಳು. ತಂದೆ ಹೇಳಿಟ್ಟಿರಬೇಕು. ನಾನು ಪರದೆಯನ್ನು ಪೂರ್ತಿ ಸರಿಸಿದೆ.

"ಏನಮ್ಮಾ, ಕಂಡ್ತಾ?"

"ಸ್ವಲ್ಪ ತಡೀರಿ. ಇನ್ನೂ ಸರಿಯಾಗಿ ಕಾಣ್ತಿಲ್ಲ."

ಜನ ನಕ್ಕರು. ಹಗಲು ಹೊತ್ತಿನ ನಕ್ಷತ್ರವನ್ನು ನಿಜವಾಗಿ ಹುಡುಕುವ ಮದುವಣಗಿತ್ತಿಯನ್ನು ಅವರು ಕಂಡಿರಲಿಲ್ಲ. ಅವಳು ನೋಡುತ್ತಲೇ ನಿಂತಳು. ಅವಳ ಹಿಂದೆ ಮೇಷ್ಟ್ರು ಕತ್ತು ಬಗ್ಗಿಸಿ ತಮ್ಮ ಕಾಲನ್ನು ನೋಡಿಕೊಳ್ಳುತ್ತಿದ್ದರು. ಗಿರಿಜಮ್ಮ ಕೈ ಬೀಸಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಇದ್ದರು. "ನನ್ನ ಹಂಗೇ ಕತ್ತು ವಾಲಿಸ್ತಾಳೆ ನೋಡಿ ಟೀಚರ್" ಎಂದರು. ಆಮೇಲೆ ವಿಜಯ "ಕಂಡ್ತು" ಎಂದಳು. ಎಲ್ಲರೂ ಊಟಕ್ಕೆ ಹೋದರು.

ಮುಂದಿನ ಬೇಸಿಗೆ ರಜೆಯಲ್ಲಿ ಡ್ರಾಯಿಂಗ್ ಮೇಷ್ಟ್ರುಗಳಿಗೆಲ್ಲ ಮೈಸೂರಿನಲ್ಲಿ ತರಬೇತಿ ಹಾಕಿದರು. ಹೋಗಲೇಬೇಕಿತ್ತು. ಗಿರಿಜಮ್ಮ, "ನನ್ನ ಕೈಕಾಲು ನಾನೇ ನೋಡ್ಕೊಳ್ತೀನಿ, ಹೋಗಿ ಬನ್ನಿ" ಎಂದರಂತೆ. ನಾನು ಸಾಗರಕ್ಕೆ ಅಮ್ಮನ ಹತ್ತಿರ ಹೋಗಿದ್ದೆ. ಹೊಳೆಯಿಂದ ನೀರು ತರುವಾಗ ಗಿರಿಜಮ್ಮನ ಅಂಗಾಲಿಗೆ ಏನೋ ಹೊಕ್ಕಿದೆ. ಅವರಿಗೆ ಗೊತ್ತಾಗಿದ್ದು ನೋವಿನಿಂದಲ್ಲ, ವಾಸನೆಯಿಂದ. ಮೇಷ್ಟ್ರು ಬರುವಷ್ಟರಲ್ಲಿ ಕಾಲು ಮೊಣಕಾಲಿನವರೆಗೆ ಕಪ್ಪಾಗಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಅಲ್ಲಿಯೇ, ಗುರುತಿಲ್ಲದ ಇಬ್ಬರ ಸಹಾಯದಿಂದ, ಮೇಷ್ಟ್ರು ಬೆಂಕಿ ಕೊಟ್ಟು ಬಂದರು.

ಜೂನಿನಲ್ಲಿ ಶಾಲೆ ತೆರೆದಾಗ ನಾನು ಗಿರಿಜಮ್ಮನಿಗೆಂದು ಅಪ್ಪೆಮಿಡಿ ಉಪ್ಪಿನಕಾಯಿ ತಂದಿದ್ದೆ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದರು. ತಲೆ ಎತ್ತದೆಯೇ ಹೇಳಿದರು.

"ಗಿರಿಜ ಹೋದ್ಲು ಟೀಚರ್. ಯಾರಿಗೆ ಅಂತ ಹೇಳೋದು? ಊರಿನ ಲೆಕ್ಕದಲ್ಲಿ ಅವಳು ಹೋಗಿ ಎಷ್ಟು ಕಾಲ ಆಯ್ತು."

ಗಂಟೆ ಹೊಡೆಯಿತು. ಎದ್ದು ಕ್ಲಾಸಿಗೆ ಹೋದರು. ಅವತ್ತು ಅವರು ಯಾರ ಕಿವಿಯನ್ನೂ ಹಿಂಡಲಿಲ್ಲವೆಂದು ಹುಡುಗರು ಆಶ್ಚರ್ಯಪಟ್ಟರು.

ನಂತರವೂ ಅವರು ಗಾಡಿಯಲ್ಲೇ ಇದ್ದರು. ಅಕ್ಕ ಮನೆಗೆ ಬಾ ಎಂದರೂ ಹೋಗಲಿಲ್ಲ. ಮಳೆ ಶುರುವಾಗುವ ಮೊದಲು ಒಮ್ಮೆ ಬೆಸುಗೆ ನೋಡುವುದು, ಬಿಟ್ಟಲ್ಲಿ ಅಂಟು ಹಚ್ಚುವುದು, ಅದು ಮಾತ್ರ ತಪ್ಪಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಅವರ ನಿವೃತ್ತಿಗೆ ಸ್ವಲ್ಪ ಮೊದಲೇ ನನಗೆ ಬೇರೆ ಕಡೆ ವರ್ಗವಾಯಿತು. ಆಮೇಲೆ ನನಗೆ ಸಿಕ್ಕ ಸುದ್ದಿ ಹಿಂದಿ ಪಂಡಿತರು ಹೇಳಿದ್ದು.

ಹನ್ನೊಂದನೇ ದಿನದ ಕಾರ್ಯ ಅಕ್ಕನ ಮನೆಯಲ್ಲಿ. ನಾನು ಹೋದೆ. ವಿಜಯ ಗಂಡ ಮತ್ತು ಅತ್ತೆಯ ಜೊತೆ ಬಂದಿದ್ದಳು. ಅಕ್ಕನ ಮಗ ಕರ್ಮಕ್ಕೆ ಕೂತಿದ್ದ. ಪುರೋಹಿತರು ಪಿಂಡದ ಹೊತ್ತಿಗೆ ಕೇಳಿದರು: "ಇವರ ಹೆಂಡತಿ ಮೊದಲೇ ಹೋಗಿದಾರೆ ಅಲ್ವಾ? ಯಾವಾಗ?"

"ಹುಡ್ಗಿ ಸಣ್ಣವಳಿದ್ದಾಗಲೇ" ಎಂದರು ಅಕ್ಕ.

"ಅಲ್ಲ" ಎಂದಳು ವಿಜಯ.

ಎಲ್ಲರೂ ತಿರುಗಿ ನೋಡಿದರು. ಅವಳು ಮಾತು ನಿಲ್ಲಿಸಲಿಲ್ಲ. "ನಮ್ಮಮ್ಮ ಹೋಗಿದ್ದು ನನ್ನ ಮದುವೆ ಆದ್ಮೇಲೆ, ಮರುವರ್ಷ ವೈಶಾಖದಲ್ಲಿ. ಅವ್ರಿಗೆ ದೊಡ್ಡ ರೋಗ ಆಗಿತ್ತು, ವಾಸಿನೂ ಆಗಿತ್ತು. ಹೋದ ಸುದ್ದಿ ನನ್ನ ಸಾಕಿದ ಈ ಸೋದರತ್ತೆ ಬಂದು ನನ್ನ ಕಿವೀಲಿ ಹೇಳಿ ಹೋದ್ರು. ಅವತ್ತು ನಮ್ಮನೇಲಿ ಸತ್ಯನಾರಾಯಣ ಪೂಜೆ. ನಾ ಎಲ್ರಿಗೂ ಪಾಯಸ ಬಡಿಸಿದೆ. ಅಮ್ಮನ ಹೆಸರು ಗಿರಿಜ. ಹೇಳಿ ಭಟ್ರೇ, ಹೆಸರು ಹಿಡಿದು ಹೇಳಿ."

ಅಕ್ಕ ಕಂಬ ಹಿಡಿದು ಕೂತುಬಿಟ್ಟರು. ಪುರೋಹಿತರು ತಡವರಿಸಿ, ಹೆಸರು ಹೇಳಿದರು. ವಿಜಯಳ ಅತ್ತೆ ಎದ್ದು ಹೊರಗೆ ಹೋಗಿ ಕೈಕಾಲು ತೊಳೆದು, ಚೀಲ ತೆಗೆದುಕೊಂಡು ರಸ್ತೆಗೆ ಇಳಿದಳು. ಗಂಡ ಅವಳ ಹಿಂದೆ ಓಡಿದ. ತಾಯಿಯನ್ನು ಬಸ್ಸು ಹತ್ತಿಸಿ ವಾಪಸು ಬಂದಾಗ ಊಟವಾಗಿ ಎಲೆ ತೆಗೆದಿದ್ದರು. ಅವನು ಅಂಗಳದಲ್ಲೇ ನಿಂತ.

"ಅಮ್ಮ ಇನ್ನು ನಿನ್ನ ಕೈಯಿಂದ ನೀರು ಮುಟ್ಟಲ್ಲ ಅಂದ್ಲು."

"ನೀವು?" ಎಂದಳು ವಿಜಯ.

"ನಂಗೆ ಗೊತ್ತಿಲ್ಲ ಮಾರಾಯ್ತಿ. ಈಗ ಕೇಳಬೇಡ."

ಸಂಜೆಯ ಬಸ್ಸಿಗೆ ಇಬ್ಬರೂ ಹೊರಟರು. ನಾನೂ ಸ್ಟ್ಯಾಂಡಿಗೆ ಹೋಗಿದ್ದೆ. ಒಂದೇ ಸೀಟಿನಲ್ಲಿ ಕೂತರು, ನಡುವೆ ಚೀಲ ಇಟ್ಟುಕೊಂಡು.

ವಿಜಯ ಈಗಲೂ ಅದೇ ಮನೆಯಲ್ಲಿ ಇದ್ದಾಳೆ. ಅತ್ತೆ ಸಾಯುವ ತನಕ ಅವಳ ಕೈಯ ಅಡುಗೆ ಉಣ್ಣಲಿಲ್ಲವಂತೆ. ವೈಶಾಖದಲ್ಲಿ ಒಂದು ದಿನ ಅವಳು ತಾಯಿಗೆ ಎಡೆ ಇಡುತ್ತಾಳೆ. ಅವತ್ತು ಬೆಳಿಗ್ಗೆ ಗಂಡ ಹಿತ್ತಲಿಗೆ ಹೋಗಿ ಬಾಳೆ ಎಲೆ ಕೊಯ್ದು, ತೊಳೆದು, ಅಡುಗೆಮನೆಯ ಬಾಗಿಲಲ್ಲಿ ಇಟ್ಟು ಹೋಗುತ್ತಾನಂತೆ.